ಮಾಸ್ತರರ ಬಾಯಲ್ಲಿದ್ದ ಫಿಲ್ಮು

ನಗುವಂಥ ಸಂಗತಿಗಳು ಮುಹೂರ್ತ ನೋಡಿ ನಡೆಯುವುದಿಲ್ಲ. ನಮ್ಮ ಫಿಲ್ಮ್ ಕಂಪನಿಯಲ್ಲಿ ಅವು ದಿನಾಲೂ ನಡೆಯುತ್ತಿದ್ದವು. ಏನೂ ನಡೆಯದ ದಿನ ನಾವೇ ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಈಗ ಹೇಳಲು ಕೂತರೆ ಕೇಳಿದವರು ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ, ಆದರೆ ಆಮೇಲೆ ಊಟ ಸೇರುವುದಿಲ್ಲ. ಅದಕ್ಕೇ ನನ್ನ ಹೆಂಡತಿ, “ಆ ಕಂಪನಿ ಸುದ್ದಿ ಊಟಕ್ಕಿಂತ ಮೊದಲ ತಗೀಬ್ಯಾಡ್ರಿ” ಎಂದು ತಾಕೀತು ಮಾಡಿದ್ದಾಳೆ. ಇದನ್ನು ಊಟ ಮುಗಿಸಿಕೊಂಡೇ ಬರೆಯುತ್ತಿದ್ದೇನೆ.

೧. ಎತ್ತರವಾದ ನಾಯಕಿ

ಕಂಪನಿಯ ಒಡೆಯರು ಹುಬ್ಬಳ್ಳಿಯ ಒಬ್ಬ ಅರಳೆ ವ್ಯಾಪಾರಿ. ಊರೆಲ್ಲ ಅವರನ್ನು ಸಾವಕಾರರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತೇನೆ. ಆಗಿನ್ನೂ ಸಿನೆಮಾಕ್ಕೆ ಮಾತು ಬಂದಿರಲಿಲ್ಲ. ಮುಂಬಯಿಯಿಂದ ಮೂಕ ಫಿಲ್ಮುಗಳ ಡಬ್ಬಿ ತರಿಸುವುದು, ಸುತ್ತಲಿನ ಊರುಗಳಲ್ಲಿ ತಂಬು ಹೊಡೆದು ಆಟ ತೋರಿಸುವುದು, ಆಮೇಲೆ ಅವೇ ಡಬ್ಬಿಗಳನ್ನು ಬೇರೆ ತಂಬಿನವರಿಗೆ ಬಾಡಿಗೆಗೆ ಕಳಿಸುವುದು ಅವರ ಧಂದೆ. ಪಡದೆಯ ಮೇಲೆ ಚಿತ್ರ ಓಡುವಾಗ ಪಕ್ಕದಲ್ಲಿ ಒಬ್ಬರು ಕಥೆ ಹೇಳಬೇಕು, ಇನ್ನೊಬ್ಬರು ಪೇಟಿ ಬಾರಿಸಬೇಕು. ಪೇಟಿ ಎಂದರೆ ಹಾರ್ಮೋನಿಯಂ. ಅದು ನನ್ನ ಕೆಲಸ. ಕಥೆ ಹೇಳುವವರು ಮಾಸ್ತರರು.

ಮಾಸ್ತರರು ಖರೇನೇ ಮಾಸ್ತರರು. ಧಾರವಾಡದ ಒಂದು ಸಾಲೆಯಲ್ಲಿ ಕಾಯಂ ನೌಕರಿಯಲ್ಲಿದ್ದರು. ಒಂದು ಸಂಜೆ ನಮ್ಮ ತಂಬಿನಲ್ಲಿ ಕಥೆ ಹೇಳುವವನು ಜ್ವರ ಬಂದು ಮಲಗಿದ. ಮಂದಿ ಕೂಗಾಡತೊಡಗಿದರು. ಆಗ ಚಾಪೆಯ ಮೇಲೆ ಕೂತಿದ್ದ ಇವರು ಸುಮ್ಮನೆ ಎದ್ದು ಬಂದು ಪಡದೆಯ ಪಕ್ಕ ನಿಂತು ಶುರು ಮಾಡಿದರು. ಆಟ ಮುಗಿದ ಮೇಲೆ ಮಂದಿ ಏಳಲೇ ಇಲ್ಲ, ಕಥೆ ಇನ್ನೂ ಇದೆಯೇನೋ ಎಂದು ಕೂತೇ ಇದ್ದರು. ಸಾವಕಾರರು ಅವರ ಎರಡೂ ಕೈ ಹಿಡಿದುಕೊಂಡು, “ಮಾಸ್ತರ್, ಸಾಲಿ ಬಿಡ್ರಿ. ನನ್ನ ಕಂಪನಿ ಇರೂತನಕ ಪಡದಿ ಬಾಜೂಕ ನಿಮ್ಮ ಸ್ಟೂಲು ಇರತೈತಿ” ಎಂದರು. ಮಾಸ್ತರರು ಮರುದಿನವೇ ರಾಜೀನಾಮೆ ಬರೆದುಕೊಟ್ಟರು. ಆ ಒಂದು ಮಾತಿನ ಮೇಲೆ ಅವರ ಇಡೀ ಬಾಳು ನಿಂತಿತು. ಮುಂದೆ ಏನೇ ನಗು ಬಂದರೂ ಇದೊಂದನ್ನು ಮರೆಯಬೇಡಿ.

ಕೆಲವು ದಿನಗಳಲ್ಲಿ ಸಾವಕಾರರಿಗೆ ತಾವೇ ಒಂದು ಫಿಲ್ಮು ತೆಗೆಯುವ ಹುಚ್ಚು ಹಿಡಿಯಿತು. “ಮುಂಬಯಿಯವರು ತಗೀತಾರ, ನಾವೇನು ಕೈಗೆ ಬಳಿ ತೊಟ್ಟೇವೇನು?” ಎಂದರು. ಬಳೆ ತೊಡುವವರು ಸಿಗದೆ ಇದ್ದದ್ದೇ ಮೊದಲ ತಾಪತ್ರಯವಾಯಿತು. ಯಾವ ಹೆಂಗಸೂ ಕ್ಯಾಮೆರಾದ ಮುಂದೆ ಬರಲು ಒಪ್ಪಲಿಲ್ಲ. ಕೊನೆಗೆ ನಾಟಕ ಕಂಪನಿಯೊಂದರಲ್ಲಿ ಸ್ತ್ರೀಪಾರ್ಟು ಮಾಡುತ್ತಿದ್ದ ಒಬ್ಬನನ್ನು ಕರೆತಂದರು. ಅವನು ಅರ್ಧ ಫಿಲ್ಮು ಮಾಡಿಕೊಡುವಷ್ಟರಲ್ಲಿ ಅವನ ನಾಟಕ ಕಂಪನಿ ಬೇರೆ ಊರಿಗೆ ಹೊರಟಿತು, ಅವನೂ ಹೊರಟ. ಉಳಿದ ಅರ್ಧಕ್ಕೆ ಇನ್ನೊಬ್ಬನನ್ನು ತಂದರು. ಇವನು ಅವನಿಗಿಂತ ಒಂದು ತಲೆ ಎತ್ತರ.

ಕಥೆ ಇದ್ದದ್ದು ಸಾವಕಾರರ ತಲೆಯಲ್ಲಿ, ಅದೂ ದಿನಾ ಬೆಳಿಗ್ಗೆ ಬದಲಾಗುತ್ತಿತ್ತು. ಮುಂಬಯಿಯಿಂದ ಬಂದ ಕ್ಯಾಮೆರಾದವನು ಬೇಸತ್ತು, “ಇವತ್ತು ಅಳಿಸಬೇಕೋ ನಗಿಸಬೇಕೋ ಅಷ್ಟು ಹೇಳಿ” ಎಂದು ಕೇಳಿಕೊಂಡು ಕ್ಯಾಮೆರಾದ ಹಿಡಿ ತಿರುಗಿಸುತ್ತಿದ್ದ. ನಡುನಡುವೆ ಹಾಕುವ ಅಕ್ಷರಗಳು ಕನ್ನಡದಲ್ಲಿ ಇರಬೇಕೋ, ಮರಾಠಿಯಲ್ಲೋ, ಉರ್ದುವಿನಲ್ಲೋ ಎಂದು ಕಂಪನಿಯ ಅರಳೆ ಗೋದಾಮಿನಲ್ಲಿ ಜಗಳವೇ ಆಯಿತು. ಸಾವಕಾರರು, “ಯಾವ ಅಕ್ಷರನೂ ಬ್ಯಾಡ. ಮಾಸ್ತರ್ ಅದಾರಲ್ಲ!” ಎಂದು ತೀರ್ಪು ಕೊಟ್ಟರು. ಹೀಗೆ ಒಂದು ಮಾತೂ ಇಲ್ಲದ, ಒಂದು ಅಕ್ಷರವೂ ಇಲ್ಲದ ಫಿಲ್ಮು ತಯಾರಾಯಿತು. ಅದರಲ್ಲಿ ಒಂದು ಲಗ್ನ, ಒಂದು ಜಗಳ, ನಾಯಕ ದೂರ ದೇಶಕ್ಕೆ ಹೋಗುವುದು, ಕೊನೆಗೆ ನಾಯಕಿ ಕೆರೆಗೆ ಹಾರುವುದು ಇತ್ತು. ಯಾಕೆ ಹಾರಿದಳು ಎಂಬುದು ತೆಗೆದವರಿಗೂ ಗೊತ್ತಿರಲಿಲ್ಲ. ಕಥೆ ಇದ್ದದ್ದು ಮಾಸ್ತರರ ಬಾಯಲ್ಲಿ ಮಾತ್ರ.

ಮೊದಲ ಆಟದಲ್ಲಿ ಎತ್ತರದ ನಾಯಕಿ ಕಾಣಿಸಿದ ಕೂಡಲೇ ಮುಂದಿನ ಸಾಲಿನಿಂದ ಒಬ್ಬ ಕೂಗಿದ: “ಮಾಸ್ತರ್, ಹುಡುಗಿ ಉದ್ದ ಆಗ್ಯಾಳಲ್ರಿ!”

ಮಾಸ್ತರರು ಉಸಿರು ಕೂಡ ತೆಗೆದುಕೊಳ್ಳಲಿಲ್ಲ. “ಗಂಡನ ಹಾದಿ ನೋಡಿ ನೋಡಿ ತುದಿಗಾಲಿನ ಮ್ಯಾಲೆ ನಿಂತಾಳಪಾ. ನಿಮ್ಮ ಮನ್ಯಾಗ ನಿನ್ನ ಹಾದಿ ಯಾರೂ ಹಿಂಗ ನೋಡೂದಿಲ್ಲಂತ ಕಾಣಸ್ತದ.”

೨. ಉಣಕಲ್ಲಿನ ಸಮುದ್ರ

ನಾಯಕ ಹಡಗು ಹತ್ತಿ ಹೋಗಬೇಕಿತ್ತು. ಸಮುದ್ರ ನೋಡಿದವರು ನಮ್ಮಲ್ಲಿ ಕ್ಯಾಮೆರಾದವನೊಬ್ಬನೇ. ಸಾವಕಾರರು ಉಣಕಲ್ ಕೆರೆಯ ದಂಡೆಯಲ್ಲಿ ನಿಂತು, “ಆ ಕಡಿ ದಂಡಿ ಕಾಣಿಸಲಾರದಂಗ ತಗೀ, ಇದ ಸಮುದ್ರ ಆಗತೈತಿ” ಎಂದರು. ದೋಣಿಯೊಂದಕ್ಕೆ ರಟ್ಟು ಕಟ್ಟಿ ಹಡಗು ಮಾಡಿದೆವು. ನಾಯಕ ಕೈ ಎತ್ತಿ ದಂಡೆಯಲ್ಲಿದ್ದ ನಾಯಕಿಗೆ ವಿದಾಯ ಹೇಳುತ್ತಿದ್ದಂತೆ ಉಣಕಲ್ಲಿನ ಎಮ್ಮೆಗಳ ಹಿಂಡು ನೀರಿಗೆ ಇಳಿಯಿತು. ಹಡಗಿನ ಸುತ್ತ ಈಜುತ್ತ, ಮೂಗು ಮೇಲೆ ಮಾಡಿ ಉಸ್ ಎನ್ನುತ್ತ, ಒಂದೆರಡು ಕ್ಯಾಮೆರಾವನ್ನೇ ದಿಟ್ಟಿಸಿ ನೋಡಿದವು. ಕ್ಯಾಮೆರಾದವನು ನಿಲ್ಲಿಸಲು ಹೋದ. ಸಾವಕಾರರು, “ನಿಲ್ಲಸಬ್ಯಾಡ! ಬಿಸಲು ಹೊಂಟೈತಿ, ಲಗೂ ತಿರುವು!” ಎಂದು ಕೂಗಿದರು. ಎಮ್ಮೆಗಳು ಫಿಲ್ಮಿನಲ್ಲಿ ಉಳಿದವು.

ಕೊನೆಯ ದೃಶ್ಯವನ್ನೂ ಅಲ್ಲೇ ತೆಗೆದದ್ದು. ನಾಯಕಿ ನೀರಿಗೆ ಹಾರಿ, ಒಳಗೊಳಗೇ ಈಜಿ, ದಂಡೆಯ ಆಪು ಹುಲ್ಲಿನ ಹಿಂದೆ ಮೇಲೆ ಏಳಬೇಕೆಂದು ಮಾತಾಗಿತ್ತು. ನಾಯಕಿಯ ಪಾರ್ಟಿನವನು ಹಾರಿದ. ಎಷ್ಟು ಹೊತ್ತಾದರೂ ಕಾಣಲಿಲ್ಲ. ಕ್ಯಾಮೆರಾದವನು ಹೆದರಿ, ಕಣ್ಣು ನೀರಿನ ಮೇಲೆ ನೆಟ್ಟು, ಕೈಯಿಂದ ಹಿಡಿ ತಿರುಗಿಸುತ್ತಲೇ ನಿಂತ. ಅತ್ತ ಅವನು ಆಪಿನ ಆಚೆ ಎದ್ದು, ಸೀರೆ ಹಿಂಡಿಕೊಂಡು, ಬೀಡಿ ಸೇದುತ್ತ ಕೂತಿದ್ದ. ಅದಕ್ಕೇ ನಮ್ಮ ಫಿಲ್ಮಿನ ಕೊನೆಗೆ ಬಹಳ ಹೊತ್ತು ಬರೀ ನೀರು.

ಆಟದ ದಿನ ಎಮ್ಮೆಗಳು ಬಂದಾಗ ಇಡೀ ತಂಬು ಹೋ ಎಂದಿತು. ಮಾಸ್ತರರು ಧ್ವನಿ ತಗ್ಗಿಸಿ, “ನಗಬ್ಯಾಡ್ರಿ. ನಾಯಕನ ಆಯುಷ್ಯ ತೀರ್ಲಿಕ್ಕೆ ಬಂದದ. ಯಮ ತನ್ನ ವಾಹನ ಮುಂದ ಕಳಿಸ್ಯಾನ” ಎಂದರು. ಕೆಲವರು ಕೈ ಮುಗಿದರು. ಆಗ ಆ ಎಮ್ಮೆಗಳ ಯಜಮಾನನೇ ಹಿಂದಿನಿಂದ ಎದ್ದು ನಿಂತ. “ಮಾಸ್ತರ್, ಯಮಂದು ಕೋಣ ಅಲ್ಲೇನ್ರಿ? ಇವು ನಮ್ಮವು, ಹಾಲು ಹಿಂಡೂ ಎಮ್ಮಿ!”

“ಯಾಕ, ಯಮನ ಮನ್ಯಾಗ ಚಾ ಕುಡಿಯೂದಿಲ್ಲೇನು?” ಎಂದರು ಮಾಸ್ತರರು.

೩. ಪಾದ್ರಿಗಳಿಗೆ ಕಂಡ ದರ್ಶನ

ನಮ್ಮದು ಕ್ರೈಸ್ತರ ಮನೆತನ. ಅಜ್ಜನ ಕಾಲದಿಂದ ಮಿಶನ್ ಕಂಪೌಂಡಿನಲ್ಲೇ ವಾಸ. ನಾನು ಪೇಟಿ ಕಲಿತದ್ದು ಚರ್ಚಿನಲ್ಲಿ, ರವಿವಾರ ಬಾರಿಸುತ್ತಿದ್ದದ್ದೂ ಅಲ್ಲೇ. ಧಾರವಾಡದಲ್ಲಿ ಓಣಿಗೊಬ್ಬರು ಗವಾಯಿಗಳಿದ್ದರೂ ನನ್ನ ಬೆರಳಿಗೆ ಬರುತ್ತಿದ್ದದ್ದು ದೇವರ ಹಾಡುಗಳು ಮಾತ್ರ. ಆದ್ದರಿಂದ ತಂಬಿನಲ್ಲಿಯೂ ಅವನ್ನೇ ಬಾರಿಸುತ್ತಿದ್ದೆ. ಹೊಡೆದಾಟಕ್ಕೆ ಕ್ರಿಸ್‌ಮಸ್ ಹಾಡನ್ನು ಜೋರು ಮಾಡುತ್ತಿದ್ದೆ. ನಾಯಕಿ ಕೆರೆಗೆ ಹಾರುವಾಗ ಮಣ್ಣು ಕೊಡುವ ಹೊತ್ತಿನ ಹಾಡು. ಹಡಗು ಹೊರಡುವಾಗ, ಸಭೆಯೆಲ್ಲ ಎದ್ದು ನಿಂತು ಹಾಡುವ ಒಂದು ದೊಡ್ಡ ಹಾಡು. ತಂಬಿನ ಮಂದಿಗೆ ಅವು ಯಾವುವೆಂದು ತಿಳಿಯುತ್ತಿರಲಿಲ್ಲ. “ಪೇಟಿಯವ ಏನ ಛಲೋ ಬಾರಸ್ತಾನ” ಎನ್ನುತ್ತಿದ್ದರು.

ಒಂದು ಸಂಜೆ ನಮ್ಮ ಪಾದ್ರಿಗಳು ಯಾರಿಗೂ ಗೊತ್ತಾಗದಂತೆ, ತಲೆಗೆ ಶಾಲು ಹೊದ್ದು, ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಮ್ಮ ಸಭೆಯ ಇನ್ನೂ ಕೆಲವರು, ಅವರೂ ಯಾರಿಗೂ ಗೊತ್ತಾಗದಂತೆ, ಅಲ್ಲಲ್ಲಿ ಕೂತಿದ್ದರು. ಹಡಗು ಹೊರಟಿತು. ನಾನು ದೊಡ್ಡ ಹಾಡು ಎತ್ತಿದೆ. ಹಾಡು ಕಿವಿಗೆ ಬಿದ್ದದ್ದೇ ತಡ, ಪಾದ್ರಿಗಳು ರೂಢಿಯ ಮೇಲೆ ಎದ್ದು ನಿಂತರು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ನಿಂತ ಮೇಲೆ ಒಬ್ಬರನ್ನೊಬ್ಬರು ನೋಡಿದರು. ಕೂರುವಂತಿಲ್ಲ, ಹಾಡು ಮುಗಿದಿಲ್ಲ. ಪಡದೆಯ ಮೇಲೆ ಎಮ್ಮೆಗಳು ಈಜುತ್ತಿದ್ದವು. ಎದ್ದವರ ಹಿಂದೆ ಕೂತವರು “ಏ, ಕುಂದರ್ರೆಪಾ, ಎಮ್ಮಿ ಕಾಣಸವಲ್ವು!” ಎಂದು ಕೂಗುತ್ತಿದ್ದರು.

ರವಿವಾರ ಆರಾಧನೆ ಮುಗಿದ ಮೇಲೆ ಪಾದ್ರಿಗಳು ನನ್ನನ್ನು ಕರೆದರು. ಚರ್ಚಿನ ಪೇಟಿಗೆ ಇನ್ನು ನನ್ನ ಕೈ ತಾಗಬಾರದೆಂದು ಹಿರಿಯರು ತೀರ್ಮಾನ ಮಾಡಿದ್ದರು. ನನಗೆ ಬಹಳ ಕೆಡುಕೆನಿಸಿತು. ಮಾಸ್ತರರ ಹಾಗೆ ನನಗೂ ಹಿಂದಕ್ಕೆ ಹೋಗುವ ಹಾದಿ ಮುಚ್ಚಿತು. ಪಾದ್ರಿಗಳು ಕೆಟ್ಟ ಮನುಷ್ಯರಲ್ಲ, ಅವರ ಕಣ್ಣಲ್ಲಿಯೂ ನೀರಿತ್ತು.

“ನಾ ನಿನ್ನ ಉಳಸ್ಕೋತಿದ್ನೆಪಾ,” ಎಂದರು. “ಆದರ ಇವತ್ತ ಆರಾಧನಿಯೊಳಗ ಆ ಹಾಡಿಗೆ ನಾ ಕಣ್ಣು ಮುಚ್ಚಿದೆ ನೋಡು, ದೇವರು ಬರಲಿಲ್ಲ. ಎಮ್ಮಿ ಬಂದ್ವು.”

೪. ಗೋಪನಕೊಪ್ಪದ ಅವ್ವ

ಮಾಸ್ತರರು ಒಂದು ಕಥೆಯನ್ನು ಎರಡು ಕಡೆ ಒಂದೇ ರೀತಿ ಹೇಳಿದವರಲ್ಲ. ಮೊದಲು ತಂಬಿನಲ್ಲಿ ಕೂತವರ ಮುಖ ನೋಡುತ್ತಿದ್ದರು, ಆಮೇಲೆ ಬಾಯಿ ತೆರೆಯುತ್ತಿದ್ದರು. ಧಾರವಾಡದಲ್ಲಿ ಕಚೇರಿಯವರ ಮುಂದೆ ನಾಯಕಿ ಇಂಗ್ಲಿಷ್ ಕಲಿತವಳು, ಗಂಡ ಕಲಿಯದವನು, ಅದಕ್ಕೆ ಜಗಳ. ತಾರಿಹಾಳದಲ್ಲಿ ಅದೇ ಜಗಳ ಎತ್ತಿನ ಸಲುವಾಗಿ. ಹುಬ್ಬಳ್ಳಿ ಪೇಟೆಯಲ್ಲಿ ಅತ್ತೆಯ ಚಾಡಿಯಿಂದ. ಪಡದೆಯ ಮೇಲೆ ಇಬ್ಬರು ಕೈ ಬೀಸುತ್ತಿದ್ದರು ಅಷ್ಟೇ, ಯಾವುದಕ್ಕೂ ಹೊಂದುತ್ತಿತ್ತು. ಆದರೆ ಎಲ್ಲ ಕಡೆಯೂ ಕೊನೆಗೆ ಅವಳು ಕೆರೆಗೆ ಹಾರಿ ಸಾಯುತ್ತಿದ್ದಳು. ಸಾಯಿಸುವ ಮೊದಲು ಮಾಸ್ತರರು ಸ್ಟೂಲಿನ ಮೇಲೆ ಕೂತು, “ಯಾರರೆ ಒಂದೀಟ ನೀರು ಕೊಡ್ರಿ” ಎಂದು ಕೇಳಿ, ತಂಬಿಗೆ ಎತ್ತಿ ಕುಡಿಯುತ್ತಿದ್ದರು. ಅವರು ನೀರು ಕೇಳಿದರೆಂದರೆ ಹೆಂಗಸರು ಸೆರಗು ಕಣ್ಣಿಗೆ ಹಚ್ಚುತ್ತಿದ್ದರು.

ಗೋಪನಕೊಪ್ಪದಲ್ಲಿ ತಂಬು ಹೊಡೆದಾಗ ವಯಸ್ಸಾದ ಒಬ್ಬಾಕೆ ಆಟ ಮುಗಿದ ಮೇಲೆ ಪಡದೆಯ ಹತ್ತಿರ ಬಂದು ಮಾಸ್ತರರ ಮೇಲೆ ಎಗರಿಬಿದ್ದಳು. “ಏನ್ರಿ, ನೀವು ಕಲತವ್ರು. ಬಾಯಾಗ ಮಾತು ಇದ್ದವ್ರು. ಅಕಿನ್ನ ಸಾಯಿಸಿ ನಿಮಗೇನ ಬಂತ್ರಿ?” ಮಾಸ್ತರರು ನಗುತ್ತ ಏನೋ ಸಮಾಧಾನ ಹೇಳಲು ಹೋದರು. ಪಕ್ಕದವರು ಅವರ ಕಿವಿಯಲ್ಲಿ ಒಂದು ಮಾತು ಹೇಳಿದರು. ಆಕೆಯ ಮಗಳು ಗಂಡನ ಊರಿನಲ್ಲಿ ಬಾವಿಗೆ ಬಿದ್ದು ಹೋಗಿ ವರ್ಷ ತುಂಬಿರಲಿಲ್ಲ. ಮಾಸ್ತರರ ನಗು ಅಲ್ಲೇ ನಿಂತಿತು.

“ಅವ್ವಾ, ನಾಳೆ ಬರ್ರಿ,” ಎಂದರು.

ಮರುದಿನ ಆಕೆ ಮುಂದೆಯೇ ಬಂದು ಕೂತಳು. ನಾಯಕಿ ಹಾರಿದಳು. ನಾನು ಮಣ್ಣು ಕೊಡುವ ಹಾಡು ಶುರು ಮಾಡಿದೆ. ಮಾಸ್ತರರು ನನ್ನ ಕಡೆ ಕೈ ಮಾಡಿ ನಿಲ್ಲಿಸಿದರು. “ಅಕಿ ಸತ್ತಿಲ್ಲ,” ಎಂದರು. “ಅಕಿಗೆ ಈಜು ಬರತದ. ಸಣ್ಣಾಕಿದ್ದಾಗ ಅವ್ವನ ಕಡಿಂದ ಕಲತಾಳ. ನೀರಿನ ಒಳಗ ಹೊಂಟಾಳ. ಆ ದಂಡಿಗೆ ಎದ್ದು, ಸೀರಿ ಹಿಂಡಿಕೊಂಡು, ಸೀದಾ ತವರಮನಿ ಹಾದಿ ಹಿಡದಾಳ.” ಪಡದೆಯ ಮೇಲೆ ಬರೀ ನೀರಿತ್ತು. ಆ ನೀರನ್ನು ಇಡೀ ತಂಬು ಉಸಿರು ಬಿಗಿಹಿಡಿದು ನೋಡಿತು.

ಅಂದಿನಿಂದ ಅವ್ವ ನಮ್ಮ ತಂಬು ಎಲ್ಲಿದ್ದರೂ, ನಡೆದು ಬರುವಷ್ಟು ದೂರದಲ್ಲಿದ್ದರೆ, ಬರುತ್ತಿದ್ದಳು. ಮಾಸ್ತರರಿಗೆ ಮನೆಯಿಂದಲೇ ತಂಬಿಗೆಯಲ್ಲಿ ನೀರು ತರುತ್ತಿದ್ದಳು. ಆಕೆ ಇದ್ದ ದಿನ ನಾಯಕಿ ಬದುಕುತ್ತಿದ್ದಳು, ಇಲ್ಲದ ದಿನ ಸಾಯುತ್ತಿದ್ದಳು. ಸಾವಕಾರರಿಗೆ ಇದು ತಲೆನೋವಾಯಿತು. “ಮಾಸ್ತರ್, ಒಂದ ಕಡಿ ನಿಂದರ್ರಿ. ಮಂದಿ ಕೇಳಾಕತ್ತಾರ, ಹುಡುಗಿ ಸತ್ತಾಳೋ ಇದ್ದಾಳೋ ಅಂತ. ನಾ ಏನ ಹೇಳ್ಲಿ?”

“ನನ್ನ ಕೇಳಂತ ಹೇಳ್ರಿ,” ಎಂದರು ಮಾಸ್ತರರು. ಸಾವಕಾರರು ಆಮೇಲೆ ತಮ್ಮ ಫಿಲ್ಮಿನ ಬಗ್ಗೆ ಯಾರು ಏನು ಕೇಳಿದರೂ ಅದೊಂದೇ ಉತ್ತರ ಕೊಡುತ್ತಿದ್ದರು: “ನನಗೇನ ಗೊತ್ತು? ಮಾಸ್ತರನ್ನ ಕೇಳ್ರಿ.”

೫. ಭೋಂಗಾ ಬಂತು

ಆಮೇಲೆ ಸಿನೆಮಾಕ್ಕೆ ಮಾತು ಬಂತು, ನಮ್ಮ ಬಾಯಿ ಮುಚ್ಚಿತು. ಪಡದೆಯ ಹಿಂದೆ ಒಂದು ಭೋಂಗಾ, ಅಂದರೆ ಲೌಡ್ ಸ್ಪೀಕರು, ಇಟ್ಟರೆ ಸಾಕು, ಚಿತ್ರಗಳು ತಾವೇ ಮಾತಾಡುತ್ತವೆ, ತಾವೇ ಹಾಡುತ್ತವೆ. ಮೂಕ ಫಿಲ್ಮುಗಳ ಡಬ್ಬಿಗಳನ್ನು ಯಾರೂ ಕೇಳದಾದರು. ಸಾವಕಾರರು ಬೇರೆ ದಾರಿ ಕಾಣದೆ ಒಂದು ಹಿಂದಿ ಮಾತಿನ ಫಿಲ್ಮು ತರಿಸಿದರು. ಆದರೆ ಕೊಟ್ಟ ಮಾತು ಬಿಡಲಿಲ್ಲ. “ಮಾಸ್ತರ್, ನಮ್ಮ ಮಂದಿಗೆ ಹಿಂದಿ ಎಲ್ಲಿ ತಿಳೀತೈತಿ? ನೀವು ಬಾಜೂಕ ನಿಂತು ಕನ್ನಡದಾಗ ಹೇಳ್ರಿ” ಎಂದರು.

ಮಾಸ್ತರರಿಗೂ ಹಿಂದಿ ಅಷ್ಟಕ್ಕಷ್ಟೇ. ಆದರೆ ಫಿಲ್ಮಿನ ಖರೇ ಕಥೆ ಏನು ಎಂದು ಕೇಳಿಕೊಂಡು ಹೇಳಿದವರು ಅವರಲ್ಲವಲ್ಲ. ಎಂದಿನಂತೆ ಮಂದಿಯ ಮುಖ ನೋಡಿ ಶುರು ಮಾಡಿದರು. ಭೋಂಗಾ ಒಂದು ಕಡೆ ಅರಚುತ್ತಿತ್ತು, ಮಾಸ್ತರರು ಅದಕ್ಕಿಂತ ಜೋರಾಗಿ ಹೇಳುತ್ತಿದ್ದರು. ಪಡದೆಯ ಮೇಲಿನ ಹೆಂಗಸು ತರುಣನ ಗಲ್ಲ ಸವರಿದಳು. ಮಾಸ್ತರರು, “ಇಬ್ಬರದೂ ಮನಸ್ಸು ಕೂಡೇದ, ಬರೂ ಸೋಮವಾರ ಅಕ್ಕಿಕಾಳು” ಎಂದರು.

ಹುಬ್ಬಳ್ಳಿಯ ದರ್ಜಿ ಕಾಕಾ ಒಬ್ಬರಿದ್ದರು, ಹಿಂದಿ, ಉರ್ದು ಚೆನ್ನಾಗಿ ಬಲ್ಲವರು. ಅವರು ಎದ್ದು ನಿಂತು ಕೈ ಮುಗಿದರು. “ಮಾಸ್ತರ್, ತಪ್ಪ ತಿಳ್ಕೋಬ್ಯಾಡ್ರಿ. ಅಕಿ ನಾ ನಿನ್ನ ತಾಯಿ ಅಂತ ಅಳಾಕತ್ತಾಳ. ನೀವ್ಯಾಕ ಲಗ್ನ ಮಾಡಸಾಕತ್ತೀರಿ?”

ತಂಬು ಬಿದ್ದು ಬಿದ್ದು ನಕ್ಕಿತು. ಅಷ್ಟು ವರ್ಷ ಮಂದಿ ಮಾಸ್ತರರ ಮಾತಿಗೆ ನಕ್ಕಿದ್ದರು, ಅಂದು ಮಾಸ್ತರರನ್ನೇ ನೋಡಿ ನಕ್ಕರು. ಅವರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. ಮನೆಗೆ ಹೋಗುವಾಗ ನನಗೆ ಅಂದದ್ದು ಇಷ್ಟೇ: “ತಮ್ಮಾ, ಆ ಭೋಂಗಾದವರು ಸುಳ್ಳು ಹೇಳ್ಲಿಕ್ಕೆ ಒಂದೀಟೂ ಸಂದಿ ಬಿಟ್ಟಿಲ್ಲ ನೋಡು.”

ಅಲ್ಲಿಂದ ಮುಂದೆ ನನಗೆ ಬಾಗಿಲಲ್ಲಿ ಚೀಟಿ ಹರಿಯುವ ಕೆಲಸ ಬಂತು. ಮಾಸ್ತರರಿಗೆ ಯಾವ ಕೆಲಸವೂ ಇರಲಿಲ್ಲ. ಆದರೂ ಸಾವಕಾರರು ದಿನಾ ಸಂಜೆ ತಾವೇ ಸ್ಟೂಲು ಎತ್ತಿ ಪಡದೆಯ ಪಕ್ಕ ಇಡುತ್ತಿದ್ದರು. ಮಾಸ್ತರರು ದಿನಾ ಬಂದು, ಶಲ್ಯ ಸರಿಮಾಡಿಕೊಂಡು, ಮಂದಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಪಡದೆ ನೋಡುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಹೊಸ ಮಂದಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ಒಂದು ದಿನ ಒಬ್ಬ ತರುಣ ಬಂದು ಬಹಳ ಮರ್ಯಾದೆಯಿಂದ, “ಕಾಕಾರ, ಒಂದೀಟ ಸರದು ಕುಂದರ್ರಿ. ಮಾತು ನಿಮ್ಮ ಮೈಗೆ ಬಡದು ನಮಗ ಮುಟ್ಟವಲ್ದು” ಎಂದ.

ಮಾಸ್ತರರು ಸ್ಟೂಲು ಸರಿಸಿಕೊಂಡರು. ನನ್ನ ಕಡೆ ತಿರುಗಿ, “ಇಷ್ಟ ವರ್ಷ ನನ್ನ ಬಾಯಿಂದ ಮುಟ್ಟತಿತ್ತು. ಬಾಯಿ ಮುಚ್ಚಿದ ಮ್ಯಾಲೆ ಮೈ ಅಡ್ಡ ಬಂತು” ಎಂದರು.

೬. ಬಹಳ ಛಲೋ ಬಂದ ಆವಾಜು

ಸಾವಕಾರರು ಒಂದು ದಿನ ಗೋದಾಮಿಗೆ ಓಡಿಬಂದರು. “ಮಾಸ್ತರ್, ನಮ್ಮ ಫಿಲ್ಮಿಗೂ ಮಾತು ಹಚ್ಚೂಣು! ನಿಮ್ಮ ಆವಾಜ್ ತಗದು ಫಿಲ್ಮಿಗೆ ಕೂಡಿಸಿಬಿಟ್ರ ನೀವು ಎಲ್ಲಾ ಊರಾಗೂ ಒಮ್ಮೆಲೇ ಹೇಳಬಹುದು. ಮುಂಬಯಿಯೊಳಗೂ ಹೇಳಬಹುದು!” ಬಹಳ ದಿನಗಳ ಮೇಲೆ ಮಾಸ್ತರರ ಮುಖದಲ್ಲಿ ಕಳೆ ಕಂಡಿತು. ಹೊಸ ಧೋತ್ರ ಉಟ್ಟರು, ಗಂಟಲಿಗೆ ಜ್ಯೇಷ್ಠಮಧು ಅಗಿದರು. ಈ ಒಂದು ಕೆಲಸ ಆದರೆ ಅವರ ಸ್ಟೂಲೂ ಉಳಿಯುತ್ತಿತ್ತು, ಸಾವಕಾರರ ಫಿಲ್ಮೂ ಉಳಿಯುತ್ತಿತ್ತು.

ಕೊಲ್ಲಾಪುರದ ಕಡೆಯಿಂದ ಧ್ವನಿ ತೆಗೆಯುವವನೊಬ್ಬ ಯಂತ್ರದ ಸಮೇತ ಬಂದ. ಹೊರಗಿನ ಸದ್ದು ಒಳಗೆ ಬರಬಾರದೆಂದು ಗೋದಾಮಿನ ನಾಲ್ಕೂ ಗೋಡೆಗೆ ಅರಳೆಯ ಅಂಡಿಗೆಗಳನ್ನು ಒಟ್ಟಿಸಿದೆವು. ನಡುವೆ ಸ್ಟೂಲು, ಅದರ ಮುಂದೆ ಮೈಕು. ಧ್ವನಿಯವನು ಮಂದಿಯನ್ನೆಲ್ಲ ಹೊರಗೆ ಅಟ್ಟಿದ. ಮಾಸ್ತರರ ಜೊತೆ ಉಳಿದವರು ಅವನು, ಸಾವಕಾರರು, ಪೇಟಿಗಾಗಿ ನಾನು. ನಾವೂ ಉಸಿರೆತ್ತುವಂತಿರಲಿಲ್ಲ.

“ಹೇಳ್ರಿ, ಮಾಸ್ತರ್,” ಎಂದ ಧ್ವನಿಯವನು.

“ಯಾವ ಊರಿಂದು ಹೇಳ್ಲಿ?” ಎಂದರು ಮಾಸ್ತರರು.

“ಕುಠಲ್ಯಾ, ಯಾವ ಊರಿಂದರೆ ಹೇಳ್ರಿ. ಒಮ್ಮೆ ಹೇಳಿದ್ದ ಕಾಯಂ.”

ಕಾಯಂ ಎಂಬ ಮಾತು ಕೇಳಿ ಮಾಸ್ತರರ ಮುಖ ಬಿಳಿಚಿತು. ಅಂಡಿಗೆಗಳ ಕಡೆ ನೋಡಿದರು, ಅಲ್ಲಿ ಒಂದು ಮುಖವೂ ಇರಲಿಲ್ಲ. ಮೈಕಿನ ಕಡೆ ನೋಡಿದರು. ಅದು ನಗುವುದೂ ಇಲ್ಲ, ಅಳುವುದೂ ಇಲ್ಲ. ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು. ಸಾವಕಾರರು ಕೈಸನ್ನೆ ಮಾಡಿದರು, ನಾನು ಪೇಟಿಯಲ್ಲಿ ಒಂದು ಸ್ವರ ಹಿಡಿದೆ. ಇಡೀ ತಂಬನ್ನು ಅಳಿಸಿದ ಮನುಷ್ಯನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಯಂತ್ರ ತಿರುಗುತ್ತಲೇ ಇತ್ತು. ಕೊನೆಗೆ ತುಟಿ ಒಣಗಿ, “ಯಾರರೆ ಒಂದೀಟ ನೀರು ಕೊಡ್ರಿ” ಎಂದರು.

ಆಮೇಲೆ ಎದ್ದು ಹೊರಗೆ ಹೋದರು. ಯಾರು ಎಷ್ಟು ಹೇಳಿದರೂ ತಿರುಗಿ ಒಳಗೆ ಬರಲಿಲ್ಲ. “ಎದುರಿಗೆ ಯಾರೂ ಇಲ್ಲ ಸಾವಕಾರ್. ಯಾರಿಗೆ ಹೇಳ್ಲಿ?” ಎಂದರು.

ಧ್ವನಿಯವನು ಕೆಲವು ದಿನಗಳ ಮೇಲೆ ಒಂದು ತುಂಡು ಫಿಲ್ಮು ತಂದುಕೊಟ್ಟ. ಅವನಿಗೆ ತನ್ನ ಕೆಲಸದ ಬಗ್ಗೆ ಬಹಳ ಅಭಿಮಾನ. “ಆವಾಜ್ ಏಕದಮ್ ಛಲೋ ಬಂದದ ಸಾವಕಾರ್,” ಎಂದ. “ಕಥಿ ಜರಾ ಸಣ್ಣದಾತು.”

೭. ರವಿವಾರದ ಆಟ

ಯುದ್ಧ ಶುರುವಾದ ಮೇಲೆ ಕಚ್ಚಾ ಫಿಲ್ಮು ಸಿಗದಾಯಿತು. ಮಾತಿನ ಫಿಲ್ಮುಗಳ ಧಂದೆ ದೊಡ್ಡವರ ಕೈ ಸೇರಿತು. ತಂಬು ಹರಿಯಿತು, ಮತ್ತೆ ಹೊಲಿಸಲಿಲ್ಲ. ಗೋದಾಮಿನಲ್ಲಿ ಮತ್ತೆ ಅರಳೆ ತುಂಬಿತು. ಕಂಪನಿಯ ಬೋರ್ಡು ಮಾತ್ರ ಸಾವಕಾರರು ಇಳಿಸಲಿಲ್ಲ. ಯಾರಾದರೂ ಕೇಳಿದರೆ, “ಬೋರ್ಡ ಇಳಿಸಿದರ ಮಾಸ್ತರರ ಸ್ಟೂಲು ಎಲ್ಲಿಡ್ಲಿ?” ಎನ್ನುತ್ತಿದ್ದರು. ಆ ಸ್ಟೂಲಿನ ಮೇಲೆ ಮಾಸ್ತರರು ಅರಳೆಯ ನಡುವೆ ಕೂತು ಪತ್ರಿಕೆ ಓದುತ್ತಿದ್ದರು. ಒಂದು ಮಳೆಗಾಲದಲ್ಲಿ ಜ್ವರ ಬಂತು. ಆ ಜ್ವರದಿಂದ ಅವರು ಏಳಲಿಲ್ಲ. ನಾನು ನೋಡಲು ಹೋದಾಗ ಮಾತು ನಿಂತಿತ್ತು, ಕಣ್ಣು ಮಾತ್ರ ಬಂದವರ ಮುಖದ ಮೇಲೆಲ್ಲ ಓಡಾಡುತ್ತಿತ್ತು. ನನ್ನ ತಂದೆ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಸಾವಕಾರರು ಅವರ ನೆನಪಿಗೆ ಒಂದು ಆಟ ಇಟ್ಟರು. ಪರಿಚಯದವರ ಟಾಕೀಜನ್ನು ಒಂದು ರವಿವಾರ ಮುಂಜಾನೆ ಕೇಳಿ ಪಡೆದು, ನಮ್ಮ ಹಳೆಯ ಫಿಲ್ಮನ್ನು ಹೊರತೆಗೆಸಿದರು. ಎಲ್ಲ ಕಡೆಯಿಂದ ಮಂದಿ ಬಂದಿದ್ದರು. ಧಾರವಾಡದ ಕಚೇರಿಯವರು, ಉಣಕಲ್ಲಿನ ಎಮ್ಮೆಯ ಯಜಮಾನ, ತಾರಿಹಾಳದ ರೈತರು, ದರ್ಜಿ ಕಾಕಾ. ಮುದುಕರಾಗಿದ್ದ ಪಾದ್ರಿಗಳೂ ಆರಾಧನೆ ಮುಗಿಸಿಕೊಂಡು ಬಂದಿದ್ದರು, ಈ ಸಲ ಶಾಲಿಲ್ಲದೆ. ಪಡದೆಯ ಪಕ್ಕ ಖಾಲಿ ಸ್ಟೂಲು, ಅದರ ಪಕ್ಕ ನಾನು, ನನ್ನ ಪೇಟಿ. ಗೋಪನಕೊಪ್ಪದ ಅವ್ವ ಬಹಳ ಬಗ್ಗಿದ್ದಳು, ಯಾರದೋ ಕೈ ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂತಳು. ಕೈಯಲ್ಲಿ ಎಂದಿನಂತೆ ತಂಬಿಗೆ ಇತ್ತು. ಮಾಸ್ತರರು ಹೋದದ್ದು ಆಕೆಗೆ ಗೊತ್ತಿರಲಿಲ್ಲ ಅಂತಲ್ಲ. ರೂಢಿ.

ಆಟ ಶುರುವಾಯಿತು. ಮಾತಿನ ಯಂತ್ರದ ಮೇಲೆ ಮೂಕ ಫಿಲ್ಮು ಬಹಳ ಜೋರು ಓಡುತ್ತದೆ. ಲಗ್ನ ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು. ಹಿಂದೆಯೇ ಜಗಳ ಬಂತು. ಅಷ್ಟರಲ್ಲಿ ಒಂದು ಮಗು, “ಅವರು ಯಾಕ ಜಗಳಾಡಾಕತ್ತಾರ?” ಎಂದು ಕೇಳಿತು.

“ಹೆಂಡತಿ ಇಂಗ್ಲಿಷ್ ಕಲತಾಳಂತ,” ಎಂದರು ಧಾರವಾಡದವರೊಬ್ಬರು.

“ಎಲ್ಲೀ ಇಂಗ್ಲಿಷ್ ರೀ? ಎತ್ತಿನ ಸಲುವಾಗಿ!” ಎಂದ ತಾರಿಹಾಳದವನು.

“ಎತ್ತೂ ಇಲ್ಲ ಕತ್ತೀನೂ ಇಲ್ಲ. ಅತ್ತಿ ಚಾಡಿ ಹೇಳ್ಯಾಳ. ನಾ ಸ್ವತಾ ಕೇಳೇನಿ,” ಎಂದರು ಪೇಟೆಯವರು.

ಟಾಕೀಜಿನ ತುಂಬ ಜಗಳ ಹತ್ತಿತು. ಎಲ್ಲರೂ ಮಾಸ್ತರರ ಬಾಯಿಂದಲೇ ಕೇಳಿದವರು, ಎಲ್ಲರೂ ಖರೇ ಹೇಳುವವರು. ಹಡಗು ಹೊರಟಿತು, ನಾನು ದೊಡ್ಡ ಹಾಡು ಎತ್ತಿದೆ, ಪಾದ್ರಿಗಳು ಕೋಲೂರಿ ಎದ್ದು ನಿಂತರು. ಎಮ್ಮೆಗಳು ಬಂದವು. ಆಗ ಜಗಳವೆಲ್ಲ ನಿಂತು, ಇಡೀ ಟಾಕೀಜು ಒಂದೇ ಬಾಯಲ್ಲಿ ಕೂಗಿತು: “ಯಮನ ಮನ್ಯಾಗ ಚಾ ಕುಡಿಯೂದಿಲ್ಲೇನು?”

ಕೊನೆಗೆ ನಾಯಕಿ ಹಾರಿದಳು. ಪಡದೆಯ ಮೇಲೆ ಬರೀ ನೀರು. ನಾನು ಮಣ್ಣಿನ ಹಾಡು ಬಾರಿಸಲೋ ಬೇಡವೋ ತಿಳಿಯದೆ ಕೈ ಕಟ್ಟಿ ಕೂತೆ. “ಸತ್ತಳು ಪಾಪ,” ಎಂದರು ಯಾರೋ.

“ಸತ್ತಿಲ್ಲ!” ಅವ್ವ ತಂಬಿಗೆಯನ್ನು ನೆಲಕ್ಕೆ ಕುಟ್ಟಿದಳು. “ಮಾಸ್ತರ್ ನನ್ನ ಮುಂದ ಹೇಳ್ಯಾರ.”

“ಅವ್ವಾರ, ನಮಗ ಸತ್ತಳಂತ ಹೇಳ್ಯಾರಲ್ರಿ,” ಎಂದರು ಹಿಂದಿನವರು. ಮತ್ತೆ ಗದ್ದಲ. ಯಾರೋ ಬಾಗಿಲ ಹತ್ತಿರ ನಿಂತಿದ್ದ ಸಾವಕಾರರ ಕಡೆ ತಿರುಗಿದರು. “ಸಾವಕಾರ್, ಫಿಲ್ಮ್ ತಗದವ್ರು ನೀವು. ನೀವ ಹೇಳ್ರಿ, ಹುಡುಗಿ ಸತ್ತಾಳೋ ಇದ್ದಾಳೋ?”

“ನನಗೇನ ಗೊತ್ತು?” ಎಂದರು ಸಾವಕಾರರು ಎಂದಿನಂತೆ. “ಮಾಸ್ತರನ್ನ ಕೇಳ್ರಿ.”

ಅಂದಮೇಲೆ ತಮ್ಮ ಮಾತು ತಮಗೇ ಕೇಳಿಸಿತು. ಶಲ್ಯದಿಂದ ಬಾಯಿ ಮುಚ್ಚಿಕೊಂಡರು. ನೀರು ಮುಗಿದು ಪಡದೆ ಬಿಳಿದಾಯಿತು. ಅಷ್ಟರಲ್ಲಿ ಭೋಂಗಾ ಒಮ್ಮೆ ಕರಕರ ಎಂದಿತು. ಮಾಸ್ತರರ ಧ್ವನಿ, ಅವರು ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಕೇಳಿಸಿತು:

“ಯಾರರೆ ಒಂದೀಟ ನೀರು ಕೊಡ್ರಿ.”

ಗೋದಾಮಿನಲ್ಲಿ ತೆಗೆದ ಆ ತುಂಡನ್ನು ಸಾವಕಾರರು ಯಾರಿಗೂ ಹೇಳದೆ ಕೊನೆಗೆ ಅಂಟಿಸಿದ್ದರು. ಅಷ್ಟು ದೊಡ್ಡ ಕೆರೆ ನೋಡಿದ ಮೇಲೆ ಆ ಮಾತು! ಟಾಕೀಜು ಮೇಲಿನ ತಗಡು ಹಾರುವ ಹಾಗೆ ನಕ್ಕಿತು. ಪಾದ್ರಿಗಳು ನಕ್ಕರು, ದರ್ಜಿ ಕಾಕಾ ಬೆಂಚು ಬಡಿದು ನಕ್ಕರು, ಸಾವಕಾರರು ಬಾಗಿಲಿಗೆ ಹಣೆ ಹಚ್ಚಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡುತ್ತಿದ್ದೆ.

ನಗದೆ ಇದ್ದವಳು ಅವ್ವ ಒಬ್ಬಳೇ. ಆಕೆ ಆ ಗದ್ದಲದಲ್ಲಿ ಮೆಲ್ಲಗೆ ಎದ್ದು, ಒಂದು ಕೈಯಿಂದ ಗೋಡೆ ಹಿಡಿದುಕೊಂಡು ಬಂದು, ತಂಬಿಗೆಯನ್ನು ಸ್ಟೂಲಿನ ಮೇಲೆ ಇಟ್ಟಳು. ಇಟ್ಟು, ಸೆರಗಿನಿಂದ ಅದರ ಮೈ ಒರೆಸಿದಳು.

“ಕುಡೀರಿ, ಮಾಸ್ತರ್,” ಎಂದಳು. “ಕುಡದು, ಅಕಿ ಆ ದಂಡಿಗೆ ಎದ್ದದ್ದು ಇವರಿಗೆ ಹೇಳ್ರಿ.”